ಕಾಪಿ ಕಣದಲ್ಲಿ ಶಿವರಾತ್ರಿ ಜಾಗರಣೆ

ಮಂಗಳವಾರ, ಫೆಬ್ರವರಿ 25, 2025

ಮೈಸೂರು ಬಿಟ್ಟು ಹುಣಸೂರು ದಾಟುವ ಮೊದಲೇ ಭಾವ ಜೈಸಲ್ಮೇರಿನ ಕಥೆ ತೆಗೆದರು. ಡಿಸೆಂಬರ್ ಕೊನೆಯಲ್ಲಿ ಆಫೀಸಿನವರ ಜೊತೆ ಹೋಗಿ ಸಮ್ ಮರಳುದಿಬ್ಬಗಳ ಹತ್ತಿರ ಟೆಂಟಿನಲ್ಲಿ ಮಲಗಿ ಬಂದಿದ್ದಾರೆ. ಒಂಟೆ ಸವಾರಿ, ದಾಲ್ ಬಾಟಿ, ಡೋಲಿನ ಜೊತೆ ಕುಣಿತ, ಅದೆಲ್ಲ ಮುಗಿದ ಮೇಲೆ ನಡುರಾತ್ರಿ ದಿಬ್ಬದ ಮೇಲೆ ಅಂಗಾತ ಮಲಗಿ ನೋಡಿದ ನಕ್ಷತ್ರಗಳು. "ಆಕಾಶ ಅಂದ್ರೆ ಮರುಭೂಮೀದು ಕಣಮ್ಮಾ. ನಿಮ್ಮ ಕೊಡಗಲ್ಲಿ ಏನಿದೆ? ತಲೆ ಎತ್ತಿದ್ರೆ ಮರ, ಇಲ್ಲಾಂದ್ರೆ ಮಂಜು."

ಅದರಲ್ಲಿ ಅರ್ಧ ನಿಜ. ನಮ್ಮಲ್ಲಿ ಕಾಪಿ ಬೆಳೆಯುವುದೇ ನೆರಳಲ್ಲಿ. ತೋಟದೊಳಗೆ ನಿಂತು ಮೇಲೆ ನೋಡಿದರೆ ಸಿಲ್ವರ್ ಓಕ್, ಹಾಲುವಾಣ, ಅತ್ತಿ, ಹಲಸು. ಸಂದಿಯಲ್ಲಿ ಚೂರುಪಾರು ಆಕಾಶ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಚೂರೂ ಇಲ್ಲ. ತುಲಾ ಸಂಕ್ರಮಣ ಕಳೆದ ಮೇಲೂ ಮೋಡ ಪೂರ್ತಿ ಬಿಟ್ಟುಹೋಗುವುದಿಲ್ಲ. ಉಳಿಯುವುದು ಹೊಸ ವರ್ಷದಿಂದ, ಕಾಪಿ ಹೂ ಅರಳಿಸುವ ಹೂಮಳೆ ಬೀಳುವವರೆಗಿನ ಕೆಲವು ವಾರ. ಅದರಲ್ಲೂ ಬೆಳದಿಂಗಳಿಲ್ಲದ ರಾತ್ರಿ ಬೇಕು. ಅದಕ್ಕೆ ಪಂಚಾಂಗ ತಿರುವಿ ಹಾಕುವ ಕಷ್ಟ ಬೇಡ, ಶಿವರಾತ್ರಿ ಇದೆಯಲ್ಲ. ಮಾಘ ಬಹುಳ ಚತುರ್ದಶಿ ಎಂದಮೇಲೆ ಹಿಂದೆಯೇ ಅಮಾವಾಸ್ಯೆ. ಯಾವ ವರ್ಷದ್ದೇ ಆಗಲಿ, ಶಿವರಾತ್ರಿಯ ಚಂದ್ರ ಹುಟ್ಟುವುದು ಬೆಳಗಿನ ಜಾವಕ್ಕೆ, ಅದೂ ಸಣ್ಣ ಗೆರೆಯಾಗಿ. ರಾತ್ರಿಯಿಡೀ ಎದ್ದಿರಿ ಅಂತ ಹಿರಿಯರೂ ಹೇಳಿಟ್ಟಿದ್ದಾರೆ. ನಕ್ಷತ್ರ ನೋಡುವವರಿಗೆ ಇಷ್ಟು ಅನುಕೂಲದ ಹಬ್ಬ ಇನ್ನೊಂದಿಲ್ಲ.

ಕುಶಾಲನಗರದಲ್ಲಿ ಬಲಕ್ಕೆ ಹೊರಳಿ, ಹಾರಂಗಿ ಕಾವೇರಿಯನ್ನು ಸೇರುವ ಕೂಡಿಗೆ ದಾಟಿ, ಸೋಮವಾರಪೇಟೆಯಲ್ಲಿ ಬಿಲ್ವಪತ್ರೆ, ಬಾಳೆಹಣ್ಣು ಕೊಂಡು ಶಾಂತಳ್ಳಿ ರಸ್ತೆ ಹಿಡಿದೆವು. ದೊಡ್ಡಪ್ಪನ ತೋಟ ಆ ದಾರಿಯಲ್ಲಿದೆ. ಪಶ್ಚಿಮಕ್ಕೆ ಪುಷ್ಪಗಿರಿಯ ಸಾಲು ಅಡ್ಡ ನಿಂತಿದೆ, ದಕ್ಷಿಣ ಮತ್ತು ಪೂರ್ವ ಇಳಿಜಾರು. ನನಗೆ ಬೇಕಾಗಿದ್ದುದೇ ಆ ದಕ್ಷಿಣ.

ಟೆಂಟ್ ಎಲ್ಲಿ ಹಾಕುವುದು ಎಂಬ ಚರ್ಚೆ ಕಾಪಿ ಕುಡಿಯುವಾಗಲೇ ಶುರುವಾಯಿತು. ಭಾವನಿಗೆ ಬೆಟ್ಟದ ತುದಿಯೇ ಆಗಬೇಕು. ಮಾಂದಲಪಟ್ಟಿ ಎಂದರು; ಅಲ್ಲಿ ಸಂಜೆಯಾದರೆ ಎಲ್ಲರೂ ಇಳಿಯಲೇಬೇಕು. ಪುಷ್ಪಗಿರಿ ಎಂದರು; ಅದು ವನ್ಯಧಾಮ, ರಾತ್ರಿ ತಂಗಲು ಬಿಡುವುದಿಲ್ಲ. ಹಾಗಾದರೆ ಕೆಳಗೆ ಗದ್ದೆಯಲ್ಲಿ? ಭತ್ತ ಕೊಯ್ದು ಖಾಲಿ ಬಿದ್ದಿದೆ, ಮೇಲೆ ಒಂದು ಕೊಂಬೆಯೂ ಅಡ್ಡ ಇಲ್ಲ. ದೊಡ್ಡಪ್ಪ ಲೋಟ ಕೆಳಗಿಟ್ಟರು.

"ಅಳಿಯಂದ್ರೇ, ಮೊನ್ನೆ ಭಾನುವಾರ ಆ ಗದ್ದೇಲಿ ಆನೆ ನಿಂತಿತ್ತು. ನೀವು ನಕ್ಷತ್ರ ನೋಡ್ತಾ ಮಲಗಿರಿ, ಅದು ನಿಮ್ಮನ್ನ ನೋಡ್ತಾ ನಿಂತಿರುತ್ತೆ."

ಆಮೇಲೆ ಅವರೇ ಕಣ ತೋರಿಸಿದರು. ಮನೆಯ ಪಕ್ಕದಲ್ಲೇ, ಬೇಲಿಯೊಳಗೆ, ಸಿಮೆಂಟು ಹಾಕಿದ ಒಣಗಿಸುವ ಅಂಗಳ. ಬಿಸಿಲು ಬೀಳಲೆಂದು ಸುತ್ತಲಿನ ಮರ ಕಡಿದಿರುತ್ತಾರಾದ್ದರಿಂದ ಇಡೀ ತೋಟದಲ್ಲಿ ಆಕಾಶ ಧಾರಾಳವಾಗಿ ಕಾಣುವ ಜಾಗ ಅದೊಂದೇ. ಅರ್ಧ ಕಣದ ತುಂಬ ಕೊನೆಯ ಕೊಯ್ಲಿನ ರೊಬಸ್ಟಾ ಹರಡಿತ್ತು. ಉಳಿದರ್ಧ ನಮಗೆ. ದೊಡ್ಡಪ್ಪನ ಉದಾರತೆಗೆ ಕಾರಣ ಊಟಕ್ಕೆ ಕೂತಾಗ ದೊಡ್ಡಮ್ಮ ಬಾಯಿಬಿಟ್ಟರು. ಈ ವರ್ಷ ಕಾಪಿಗೆ ಹಿಂದೆಂದೂ ಕಾಣದ ರೇಟು. ಕಣದಿಂದ ಮೂಟೆ ಎತ್ತಿಕೊಂಡು ಹೋದ ಸುದ್ದಿ ಎಲ್ಲ ಕಡೆ. ರಾತ್ರಿ ಕಾವಲಿಗೆ ಜನ ಸಿಗದೆ ದೊಡ್ಡಪ್ಪನೇ ಎರಡು ಸಲ ಎದ್ದು ಬ್ಯಾಟರಿ ಬಿಡುತ್ತಿದ್ದರಂತೆ. "ಈಗ ಮೈಸೂರು ಬೆಂಗಳೂರಿಂದ ವಾಚ್‌ಮನ್ ಬಂದಿದ್ದಾರೆ, ಅದೂ ಸಂಬಳ ಇಲ್ದೆ" ಎಂದು ಅವರು ನಕ್ಕರೆ ಭಾವನ ಮುಖ ಸ್ವಲ್ಪ ಸಪ್ಪೆಯಾಯಿತು.

ಪ್ರಯಾಣದ ಸುಸ್ತಿಗೆ ಮೊದಲ ರಾತ್ರಿ ಬೇಗ ಮಲಗಿದೆವು. ಅದಕ್ಕೂ ಮೊದಲು ಅಕ್ಕನ ಮಗನಿಗೆ ಶುಕ್ರನನ್ನು ತೋರಿಸಿದೆ. ಸೂರ್ಯ ಮುಳುಗಿದ ಕೂಡಲೇ ಬೆಟ್ಟದ ಮೇಲೆ ಅದು ಎಷ್ಟು ಉರಿಯುತ್ತಿತ್ತೆಂದರೆ ಹುಡುಗ ಡ್ರೋನ್ ಎಂದುಕೊಂಡಿದ್ದ. ನನ್ನ ಹತ್ತಿರ ಇದ್ದುದು ಹತ್ತು ಪಟ್ಟು ದೊಡ್ಡದು ಮಾಡುವ ಬೈನಾಕ್ಯುಲರ್, ಐವತ್ತು ಮಿಲಿಮೀಟರ್ ಮಸೂರದ್ದು. ಕೈಯಲ್ಲಿ ಹಿಡಿದರೆ ನಡುಗುತ್ತದೆ. ಗೋಣಿಚೀಲಗಳನ್ನು ಒಂದರ ಮೇಲೊಂದು ಪೇರಿಸಿ ಅದರ ಮೇಲೆ ಊರಿ ಕೊಟ್ಟೆ. ಸ್ವಲ್ಪ ಹೊತ್ತು ಅವನು ಮಾತೇ ಆಡಲಿಲ್ಲ. "ಚಿಕ್ಕಮ್ಮ, ಇದು ಚಂದ್ರ ಅಲ್ವಾ? ಅರ್ಧಾನೂ ಇಲ್ಲ!" ಶುಕ್ರ ಆಗ ಭೂಮಿಗೂ ಸೂರ್ಯನಿಗೂ ನಡುವೆ ಬರುವ ದಾರಿಯಲ್ಲಿತ್ತು. ಬೆಳಕು ಬಿದ್ದ ಮುಖ ಆಚೆ ಕಡೆ ತಿರುಗುತ್ತಾ ನಮಗೆ ತೆಳ್ಳನೆಯ ಅಂಚು ಮಾತ್ರ ಉಳಿದಿತ್ತು. ಹತ್ತಿರ ಬಂದಷ್ಟೂ ದೊಡ್ಡದಾಗಿ, ತೆಳ್ಳಗಾಗಿ ಕಾಣುವುದು ಹಾಗೇ. ಪೂರ್ತಿ ಕತ್ತಲಾದ ಮೇಲೆ ನೋಡಿದರೆ ಕಣ್ಣು ಕುಕ್ಕಿ ಆಕಾರ ತಿಳಿಯುವುದಿಲ್ಲ; ಆಕಾಶ ಇನ್ನೂ ನೀಲಿಯಿರುವಾಗಲೇ ನೋಡಬೇಕು.

ಅವನಿಗೆ ಬೇರೆ ಚಿಂತೆಯೂ ಇತ್ತು. 2032ರಲ್ಲಿ ಭೂಮಿಗೆ ಬಂಡೆ ಬಡಿಯುತ್ತೆ ಅಂತ ಶಾಲೆಯಲ್ಲಿ ಸುದ್ದಿ. ಹೋದ ಡಿಸೆಂಬರಿನಲ್ಲಿ ಪತ್ತೆಯಾದ 2024 ವೈಆರ್4 ಎಂಬ ಕ್ಷುದ್ರಗ್ರಹ ಅದು. ಈ ತಿಂಗಳು 18ಕ್ಕೆ ಬಡಿಯುವ ಸಾಧ್ಯತೆ ನೂರಕ್ಕೆ 3.1 ಎಂದು ಲೆಕ್ಕ ಸಿಕ್ಕಿದ್ದೇ ತಡ, ಟಿವಿಯವರು ಹಬ್ಬ ಮಾಡಿದರು. ಮುಂದಿನ ದಿನಗಳಲ್ಲಿ ಇನ್ನಷ್ಟು ಸಲ ಗಮನಿಸಿದ ಮೇಲೆ ಅದರ ದಾರಿ ಖಚಿತವಾಗಿ ಅಪಾಯ ಇಲ್ಲವೆನ್ನುವಷ್ಟಕ್ಕೆ ಇಳಿಯಿತು. ಇಳಿದ ಸುದ್ದಿ ಹುಡುಗನಿಗೆ ತಲುಪಿರಲೇ ಇಲ್ಲ.

ಬುಧವಾರ, ಫೆಬ್ರವರಿ 26

ಹಗಲಿನ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಬೆಳಿಗ್ಗೆ ಊರಿನ ಈಶ್ವರನ ಗುಡಿ. ಮಧ್ಯಾಹ್ನ ಮನೆಯ ಟಿವಿಯಲ್ಲಿ ಪ್ರಯಾಗದ ಕುಂಭಮೇಳದ ಕೊನೆಯ ಸ್ನಾನ, ನದಿಗಿಂತ ತಲೆಗಳೇ ಜಾಸ್ತಿ. ಬಿಸಿಲಲ್ಲಿ ಗಂಟೆಗೊಮ್ಮೆ ಮರದ ಹಲಗೆಯಲ್ಲಿ ಕಾಪಿ ಎಳೆದು ಮಗುಚಿದೆವು. ಒಣಗಿದೆಯೋ ಎಂದು ನೋಡುವುದನ್ನು ದೊಡ್ಡಪ್ಪ ಹುಡುಗನಿಗೆ ಕಲಿಸಿದರು: ಕಪ್ಪಾದ ಹಣ್ಣನ್ನು ಮುಷ್ಟಿಯಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸು, ಒಳಗೆ ಬೀಜ ಗಲಗಲ ಎಂದರೆ ಆಯಿತು. ಕೆಲವು ಗಲಗಲ ಎಂದವು, ಕೆಲವು ಇನ್ನೂ ಮೂಕ. ಸಂಜೆ ಇಬ್ಬನಿ ಬೀಳುವ ಮೊದಲು ಎಲ್ಲವನ್ನೂ ಗುಡ್ಡೆ ಎಳೆದು ಟಾರ್ಪಾಲು ಹೊದಿಸಿದೆವು.

ಭಾವನಿಗೆ ಕ್ಯಾಂಪ್‌ಫೈರ್ ಬೇಕಿತ್ತು. ಕಾಲಿಟ್ಟಲ್ಲೆಲ್ಲ ತರಗೆಲೆ ಬಿದ್ದು ಒಣಗಿರುವ ತಿಂಗಳಲ್ಲಿ ಬೆಂಕಿಯ ಮಾತೆತ್ತಿದರೆ ದೊಡ್ಡಪ್ಪ ಒಪ್ಪುತ್ತಾರೆಯೇ. ನಾನೂ ಒಪ್ಪಲಿಲ್ಲ, ನನ್ನ ಕಾರಣ ಬೇರೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು, ಒಂದು ಸಲ ಮೊಬೈಲ್ ನೋಡಿದರೆ ಅಷ್ಟೂ ನೀರುಪಾಲು. ಟಾರ್ಚುಗಳಿಗೆಲ್ಲ ಕೆಂಪು ಜಿಲಾಟಿನ್ ಪೇಪರ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದೆ. ಕೆಂಪು ಬೆಳಕು ಕಣ್ಣಿಗೆ ಅಷ್ಟಾಗಿ ತೊಂದರೆ ಕೊಡುವುದಿಲ್ಲ.

ಗುಡಿಯಲ್ಲಿ ಯಾಮಕ್ಕೊಂದು, ಅಂದರೆ ಮೂರು ಗಂಟೆಗೊಂದು ಪೂಜೆ, ಮೈಕಿನಲ್ಲಿ ಭಜನೆ. ಕಣಿವೆಯ ಆಚೆಯಿಂದ ಅದು ಸ್ಪಷ್ಟವಾಗಿ ಕೇಳುತ್ತಿತ್ತು. ಹಾಗಾಗಿ ಯಾರೂ ಗಡಿಯಾರ ನೋಡಬೇಕಾಗಲಿಲ್ಲ.

ಮೊದಲ ಯಾಮ. ಶುಕ್ರ ಬೆಟ್ಟದ ಹಿಂದೆ ಇಳಿಯುತ್ತಿದ್ದಂತೆ ಆ ದಿಕ್ಕಿನಲ್ಲಿ ಮಸುಕಾದ ಬೆಳಕಿನ ಗೋಪುರವೊಂದು ನೆಲದಿಂದ ಓರೆಯಾಗಿ ಎದ್ದಿರುವುದು ಕಂಡಿತು. ಅಕ್ಕ ಅದನ್ನು ಮಂಗಳೂರಿನ ದೀಪದ ಬೆಳಕು ಎಂದಳು. ಅಲ್ಲ, ಗ್ರಹಗಳು ಸುತ್ತುವ ಸಮತಲದಲ್ಲಿ ಹರಡಿರುವ ಧೂಳಿನ ಮೇಲೆ ಬಿದ್ದ ಬಿಸಿಲು ಅದು, ರಾಶಿಚಕ್ರದ ಬೆಳಕು. ಫೆಬ್ರವರಿ, ಮಾರ್ಚ್‌ನ ಸಂಜೆಗಳಲ್ಲಿ ಚೆನ್ನಾಗಿ ಕಾಣುತ್ತದೆ, ಕತ್ತಲು ಸಾಕಷ್ಟಿದ್ದರೆ ಮಾತ್ರ. ಅಂದರೆ ನಮ್ಮ ಕತ್ತಲು ಪಾಸಾಯಿತು.

ದೊಡ್ಡಮ್ಮ ಫಲಾಹಾರದ ತಟ್ಟೆ ಹಿಡಿದು ಬಂದರು, ತಂಬಿಟ್ಟು, ರಸಾಯನ. ಏಳು ಗ್ರಹ ಒಂದೇ ಸಾಲಿಗೆ ಬರುತ್ತವೆ ಎಂದು ಟಿವಿಯಲ್ಲಿ ಕೇಳಿ ಅದನ್ನೇ ನೋಡಲು ಬಂದಿದ್ದು. ಬುಧ, ಶನಿ ಸೂರ್ಯನ ಬೆನ್ನಿಗೇ ಬೆಟ್ಟದ ಹಿಂದೆ ಹೋಗಿದ್ದವು. ಯುರೇನಸ್, ನೆಪ್ಚೂನ್ ಬರಿಗಣ್ಣಿನ ಲೆಕ್ಕಕ್ಕೆ ಬರುವವಲ್ಲ. ಉಳಿದದ್ದು ರೋಹಿಣಿಯ ಪಕ್ಕದ ಗುರು, ಪುನರ್ವಸುವಿನ ಜೋಡಿಯ ಹತ್ತಿರ ಕೆಂಪಗಿನ ಮಂಗಳ. ಗ್ರಹಗಳೆಲ್ಲ ಹೆಚ್ಚುಕಡಿಮೆ ಒಂದೇ ಸಮತಲದಲ್ಲಿ ಸುತ್ತುವುದರಿಂದ ಅವು ಯಾವಾಗಲೂ ಸಾಲಿನಲ್ಲೇ ಇರುತ್ತವೆ ಎಂದೆ. "ಹಂಗಾದ್ರೆ ಟಿವಿಯೋರು ಅಷ್ಟು ಕೂಗಿದ್ಯಾಕೆ?" ಅದಕ್ಕೆ ಉತ್ತರ ಖಗೋಳದಲ್ಲಿ ಇಲ್ಲ.

ದೊಡ್ಡಪ್ಪ ಮಾತ್ರ ಸುಮ್ಮನೆ ಮೃಗಶಿರದ ಕಡೆ ನೋಡುತ್ತಾ ಕೂತಿದ್ದರು. ನೆತ್ತಿಯ ಹತ್ತಿರ ನಿಂತಿತ್ತು ಅದು, ನಡುಪಟ್ಟಿಯ ಮೂರು ಚುಕ್ಕಿ, ಒಂದು ಮೂಲೆಯಲ್ಲಿ ಕಿತ್ತಳೆ ಬಣ್ಣದ ಆರಿದ್ರೆ. ಹೆಸರು ಹೇಳಿದ್ದೇ ಅವರು ತಿರುಗಿದರು. "ಇದೇನಾ ಆರಿದ್ರೆ? ನಾನು ಹುಟ್ಟಿದಾಗಿಂದ ಮಳೆ ಲೆಕ್ಕ ಹಾಕಿದ್ದೀನಿ, ಆದ್ರೆ ಆರಿದ್ರ ಇಲ್ದಿದ್ರೆ ದರಿದ್ರ ಅಂತ. ಮುಖ ನೋಡಿದ್ದು ಇವತ್ತು."

ನೋಡದಿದ್ದುದರಲ್ಲಿ ಆಶ್ಚರ್ಯವಿಲ್ಲ. ಜೂನ್ 21ರ ಹೊತ್ತಿಗೆ ಸೂರ್ಯ ಆರಿದ್ರಾ ನಕ್ಷತ್ರಕ್ಕೆ ಬಂದಾಗ ಆ ಮಳೆ ಹುಟ್ಟುತ್ತದೆ. ಸೂರ್ಯ ಅದರ ಹತ್ತಿರವೇ ನಿಂತಿರುವಾಗ ನಕ್ಷತ್ರ ಹಗಲಲ್ಲಿ ಮುಳುಗಿಹೋಗಿರುತ್ತದೆ. ಆರಿದ್ರೆ ಮಳೆ ಸುರಿಯುವಾಗ ಮೋಡವೇ ಇಲ್ಲದಿದ್ದರೂ ಆರಿದ್ರೆ ಕಾಣುವುದಿಲ್ಲ. ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಎಲ್ಲ ಮಳೆಗಳ ಕಥೆಯೂ ಅಷ್ಟೇ. ಮಳೆಗಾಲದ ನಕ್ಷತ್ರಗಳನ್ನೆಲ್ಲ ನೋಡಬೇಕೆಂದರೆ ಹೀಗೆ ಬೇಸಿಗೆಯ ಬಾಗಿಲಲ್ಲಿ ಕೂರಬೇಕು. ದೊಡ್ಡಪ್ಪ ಒಂದೊಂದೇ ಕೇಳುತ್ತಾ ಹೋದರು, ನಾನು ಪೂರ್ವದ ಕಡೆಗೆ ಬೆರಳು ಸರಿಸುತ್ತಾ ಹೋದೆ. ಮಘೆ ಸಿಕ್ಕಿತು. ಹುಬ್ಬೆ, ಉತ್ತರೆ ಸಿಲ್ವರ್ ಓಕ್ ಮರಗಳ ಹಿಂದೆ ಇನ್ನೂ ಮೇಲೇರುತ್ತಿದ್ದವು. ಆರಿದ್ರೆ 2019ರ ಕೊನೆಯಲ್ಲಿ ಇದ್ದಕ್ಕಿದ್ದಂತೆ ಮಂಕಾಗಿ, ಸಿಡಿದೇಹೋಗುತ್ತದೆ ಎಂದು ಕೆಲವರು ಕಾದಿದ್ದನ್ನೂ, ಕೊನೆಗೆ ಅದು ತಾನೇ ಉಗುಳಿದ ಧೂಳು ಅಡ್ಡ ಬಂದದ್ದು ಎಂದು ತಿಳಿದದ್ದನ್ನೂ ಹೇಳಿದೆ. "ಸಿಡಿದ್ರೆ ಮಳೆ ಹೆಸರು ಬದಲಾಯಿಸ್ಬೇಕಾಗ್ತಿತ್ತು" ಎಂದರು.

ಎಂಟು ದಾಟಿತ್ತು. ಭಾವನನ್ನು ಕರೆದು ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿಸಿದೆ. ನೆತ್ತಿಯಿಂದ ಸ್ವಲ್ಪ ಕೆಳಗೆ ಲುಬ್ಧಕ, ಇಡೀ ರಾತ್ರಿಯಾಕಾಶದ ಅತಿ ಪ್ರಕಾಶದ ನಕ್ಷತ್ರ. ಅದರಿಂದ ಸೀದಾ ಕೆಳಗಿಳಿದರೆ ಎರಡನೆಯ ಸ್ಥಾನದ್ದು, ಅಗಸ್ತ್ಯ. ಕೈ ನೀಡಿ ಮುಷ್ಟಿ ಹಿಡಿದರೆ ಆಕಾಶದಲ್ಲಿ ಸುಮಾರು ಹತ್ತು ಡಿಗ್ರಿ. ದಿಗಂತದಿಂದ ಮುಷ್ಟಿಯ ಮೇಲೆ ಮುಷ್ಟಿ ಇಡುತ್ತಾ ಅಳೆಯಿರಿ ಎಂದೆ. ಎರಡೂವರೆ ಮುಷ್ಟಿ ಬಂತು.

"ಈಗ ಹೇಳಿ ಭಾವ, ಜೈಸಲ್ಮೇರಲ್ಲಿ ಇದು ಎಲ್ಲಿತ್ತು?"

ಯೋಚಿಸಿದರು. ನಡುರಾತ್ರಿಯಲ್ಲಿ ದಿಬ್ಬದ ಅಂಚಿನ ಮೇಲೆ ಏನೋ ಒಂದು ಕೆಂಪು ಹಸಿರು ಮಿನುಗುತ್ತಿತ್ತಂತೆ. "ನಾವದನ್ನ ಮೊಬೈಲ್ ಟವರ್ ಲೈಟು ಅಂದ್ಕೊಂಡಿದ್ವಿ." ಅದೇ ಅಗಸ್ತ್ಯ. ಆ ಅಕ್ಷಾಂಶದಲ್ಲಿ ಅದು ಎಷ್ಟೇ ಏರಿದರೂ ಒಂದು ಮುಷ್ಟಿ. ಅಷ್ಟು ಕೆಳಗಿನ ದಪ್ಪ ಗಾಳಿಯ ಪದರದಲ್ಲಿ ಹಾದು ಬರುವ ಬೆಳಕು ಚೆದುರಿ ಬಣ್ಣಬಣ್ಣವಾಗುತ್ತದೆ. ಮರುಭೂಮಿಯ ಒಣಗಾಳಿಯಲ್ಲಿ ಚಿಕ್ಕ ನಕ್ಷತ್ರಗಳೂ ಸ್ಪಷ್ಟವಾಗಿ ಕಾಣುತ್ತವೆ ಎನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಉತ್ತರಕ್ಕೆ ಹೋದಷ್ಟೂ ದಕ್ಷಿಣದ ಆಕಾಶವನ್ನು ನೆಲ ನುಂಗುತ್ತದೆ. ಲಡಾಖಿನ ಹಾನ್ಲೆಯನ್ನೇ ತೆಗೆದುಕೊಳ್ಳಿ. ನಾಲ್ಕೂವರೆ ಸಾವಿರ ಮೀಟರ್ ಎತ್ತರದ ಶೀತ ಮರುಭೂಮಿ, 2022ರಲ್ಲಿ ಕತ್ತಲನ್ನು ಕಾಪಾಡುವ ಮೀಸಲು ಪ್ರದೇಶ ಎಂದು ಘೋಷಿಸಿದರು. ಅಲ್ಲಿನ ದೊಡ್ಡ ದೂರದರ್ಶಕವನ್ನು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಕೂತೇ ತಿರುಗಿಸುತ್ತಾರೆ. ಅಂಥ ಜಾಗದಲ್ಲೂ ಅಗಸ್ತ್ಯ ಅರ್ಧ ಮುಷ್ಟಿಗಿಂತ ಮೇಲೆ ಬರುವುದಿಲ್ಲ.

ದೊಡ್ಡಮ್ಮನಿಗೆ ಮುಷ್ಟಿಯ ಲೆಕ್ಕ ಬೇಕಿರಲಿಲ್ಲ. ಕಾವೇರಮ್ಮನ ಗಂಡ ಇವನೇ ತಾನೇ ಎಂದರು. ನನ್ನನ್ನು ಒಬ್ಬಳನ್ನೇ ಬಿಟ್ಟುಹೋಗಬಾರದು ಎಂಬ ಷರತ್ತಿನ ಮೇಲೆ ಮದುವೆಯಾದವಳು, ಗಂಡ ಕಮಂಡಲದಲ್ಲಿ ಬಿಟ್ಟು ಹೋದಾಗ ನದಿಯಾಗಿ ಹರಿದುಬಿಟ್ಟಳು. ತಡೆಯಲು ಬಂದವರ ನಡುವೆ ಬಲಮುರಿಯಲ್ಲಿ ನುಗ್ಗಿದ ರಭಸಕ್ಕೆ ಹೆಂಗಸರ ಸೀರೆಯ ನಿರಿಗೆ ಹಿಂದಕ್ಕೆ ಹೋಯಿತು, ಕೊಡವತಿಯರು ಇಂದಿಗೂ ಹಾಗೇ ಉಡುತ್ತಾರೆ. ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಹುಡುಗ ಕೇಳಿದ ಪ್ರಶ್ನೆ ಹೊಸದು: "ಅಜ್ಜಿ, ಇವನು ಅಲ್ಲಿಂದ ಕಾವೇರೀನ ಹುಡುಕ್ತಿದ್ದಾನಾ?" ಅಜ್ಜಿ, "ಹುಡುಕ್ಲಿ ಬಿಡು, ತಪ್ಪು ಅವನದೇ" ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಅಗಸ್ತ್ಯನ ದೂರ ಸುಮಾರು 310 ಜ್ಯೋತಿರ್ವರ್ಷ. ಈ ರಾತ್ರಿ ಕಣಕ್ಕೆ ಬಿದ್ದ ಬೆಳಕು ಅಲ್ಲಿಂದ ಹೊರಟಾಗ ಮಡಿಕೇರಿಯಲ್ಲಿ ಹಾಲೇರಿ ವಂಶದ ದೊಡ್ಡವೀರಪ್ಪ ಆಳುತ್ತಿದ್ದ. ಇಡೀ ತೋಟದಲ್ಲಿ ಆಗ ಒಂದು ಕಾಪಿ ಗಿಡ ಇದ್ದಿರಲಾರದು.

ಎರಡನೆಯ ಯಾಮಕ್ಕೆ ತಕರಾರು ಶುರುವಾಯಿತು. ಎದುರು ಬೆಟ್ಟದ ಹೋಮ್‌ಸ್ಟೇಯವರು ಫ್ಲಡ್‌ಲೈಟ್ ಹಾಕಿದರು. ಅದು ಸರಿಯಾಗಿ ನಮ್ಮ ಕಣ್ಣಿಗೇ. ದೊಡ್ಡಪ್ಪ ಫೋನ್ ಮಾಡಿದರು. ಆನೆ ಬರುತ್ತೆ, ಗೆಸ್ಟ್ ಇದ್ದಾರೆ, ಆಗೋದಿಲ್ಲ ಸಾರ್ ಎಂದಿತು ಆ ಕಡೆಯ ದನಿ. ಮಾತು ಮುಗಿಯುವಷ್ಟರಲ್ಲಿ ಕರೆಂಟು ಹೋಯಿತು. ಕೊಡಗಿನಲ್ಲಿ ಕರೆಂಟು ಹೋದಾಗ ಚಪ್ಪಾಳೆ ಬಿದ್ದದ್ದು ನಾನು ಕಂಡಂತೆ ಅದೇ ಮೊದಲು. ಭಜನೆಯ ಮೈಕೂ ನಿಂತಿತು. ಸೋಮವಾರಪೇಟೆಯ ಕಡೆ ಆಗ್ನೇಯದಲ್ಲಿದ್ದ ಹಳದಿ ಮಬ್ಬೂ ಆರಿತು. ಕಣಿವೆಯ ತುಂಬ ಜೀರುಂಡೆ, ದೂರದಲ್ಲಿ ಒಮ್ಮೆ ಕಾಡುಕುರಿಯ ಬೊಗಳು. ಹೋಮ್‌ಸ್ಟೇಯ ಜನರೇಟರ್ ಸ್ಟಾರ್ಟ್ ಆಗುವವರೆಗೆ, ಎಂದರೆ ಕೆಲವೇ ನಿಮಿಷ, ಮೃಗಶಿರದಿಂದ ಅಗಸ್ತ್ಯನ ಎಡಬದಿಗೆ ಇಳಿಯುವ ತೆಳುವಾದ ಚಳಿಗಾಲದ ಹಾಲುಹಾದಿ ಕೂಡ ಎದ್ದು ಕಂಡಿತು. ದೊಡ್ಡಪ್ಪ ಮತ್ತೆ ಫೋನ್ ಮಾಡಿ, ಬೇಡುವ ದನಿ ಬಿಟ್ಟು ಹಕ್ಕಿನ ದನಿಯಲ್ಲಿ ಮಾತಾಡಿದರು. ಹನ್ನೊಂದಕ್ಕೆ ಅಂತೂ ದೀಪ ಆರಿತು.

ಆಗ ಈಶಾನ್ಯದಲ್ಲಿ ಸಪ್ತರ್ಷಿಗಳು ಮರಗಳ ಮೇಲೆ ಬಂದಿದ್ದರು. ಹಿಡಿಕೆಯ ನಡುವಿನದು ವಸಿಷ್ಠ, ಅದರ ಮೈಗಂಟಿಕೊಂಡಂತೆ ಅರುಂಧತಿ. ಅಕ್ಕ ಭಾವನ ಮದುವೆ ಸೋಮವಾರಪೇಟೆಯ ಛತ್ರದಲ್ಲಿ, ಹಗಲು ಹನ್ನೊಂದಕ್ಕೆ. ಪುರೋಹಿತರು ಛಾವಣಿಯ ಕಡೆ ಕೈ ತೋರಿಸಿ "ಅರುಂಧತಿ ಕಾಣಿಸಿತೇ?" ಎಂದಿದ್ದಕ್ಕೆ ಇಬ್ಬರೂ ಸೀಲಿಂಗ್ ಫ್ಯಾನ್ ನೋಡಿ "ಕಾಣಿಸಿತು" ಎಂದದ್ದು ವಿಡಿಯೋದಲ್ಲಿದೆ. ಈಗ ನಿಜವಾದದ್ದನ್ನು ತೋರಿಸಿದೆ. ಅಕ್ಕನಿಗೆ ಕನ್ನಡಕವಿಲ್ಲದೆಯೂ ಎರಡು ಬಿಡಿಬಿಡಿಯಾಗಿ ಕಂಡವು. ಭಾವನಿಗೆ ಕನ್ನಡಕ ಹಾಕಿದರೂ ಒಂದೇ. ಧ್ರುವ ನಕ್ಷತ್ರ ಮಾತ್ರ ಯಾರಿಗೂ ಕಾಣಲಿಲ್ಲ. ಇಲ್ಲಿ ಅದರ ಎತ್ತರ ಹನ್ನೆರಡು ಡಿಗ್ರಿ, ಮನೆಯ ಹೆಂಚಿನ ಸೂರೇ ಅದನ್ನು ಮರೆಮಾಡುತ್ತದೆ.

ಹಗಲೆಲ್ಲ ಕಾದ ಸಿಮೆಂಟು ಬೆನ್ನಿಗೆ ಬೆಚ್ಚಗಿತ್ತು. ನಡುರಾತ್ರಿಯ ನಂತರ ಆ ಸುಖ ಮುಗಿಯಿತು. ಇಬ್ಬನಿ ಬೀಳುವುದು ಎನ್ನುತ್ತೇವೆ, ಬೀಳುವುದಲ್ಲ, ಎಲ್ಲೆಲ್ಲೂ ಮೂಡುವುದು: ಟಾರ್ಪಾಲಿನ ಮೇಲೆ ಮೊದಲು ಮಸುಕು, ಆಮೇಲೆ ಸಾಸಿವೆ ಗಾತ್ರದ ಹನಿ, ಆಮೇಲೆ ಹನಿ ಹನಿ ಕೂಡಿ ಮಡಿಕೆಯಲ್ಲಿ ಹರಿಯುವ ಗೆರೆ. ಟೆಂಟಿನ ಬಟ್ಟೆ ಒದ್ದೆಯಾಗಿ ಜೋತುಬಿತ್ತು. ಬೈನಾಕ್ಯುಲರ್ ಮಸೂರ ಮಂಜಾಯಿತು. ಒರೆಸಿದಷ್ಟೂ ಮತ್ತೆ ಕಟ್ಟುತ್ತದೆ. ಅಕ್ಕನ ಶಾಲಿನೊಳಗೆ ಮೈಗೆ ಒತ್ತಿ ಇಟ್ಟುಕೊಂಡು, ಬೇಕಾದಾಗ ತೆಗೆದು, ಮತ್ತೆ ಒಳಗಿಡುವ ಉಪಾಯ ಫಲಿಸಿತು. ಮರುಭೂಮಿಯಲ್ಲಿ ಈ ಪಾಡಿಲ್ಲ ಎಂದು ಭಾವ ಗೆಲುವಿನ ದನಿಯಲ್ಲಿ ಹೇಳಿದರು. ಒಪ್ಪಿಕೊಂಡೆ.

ಮೂರನೆಯ ಯಾಮ ತ್ರಿಶಂಕುವಿನದು. ಹತ್ತು ಗಂಟೆಯಿಂದಲೇ ಅದು ಮರಗಳ ಹಿಂದೆ ಹತ್ತುತ್ತಿತ್ತು. ಎರಡರ ಸುಮಾರಿಗೆ ದಕ್ಷಿಣದಲ್ಲಿ ನೆಟ್ಟಗೆ ನಿಂತಿತು. ನಾಲ್ಕು ನಕ್ಷತ್ರದ ಶಿಲುಬೆ, ಬುಡದ್ದು ಎಲ್ಲಕ್ಕಿಂತ ಪ್ರಕಾಶ. ವಿಶ್ವಾಮಿತ್ರ ಮೇಲೆ ಕಳಿಸಿದ, ಇಂದ್ರ ಕೆಳಗೆ ತಳ್ಳಿದ, ನಡುವೆ ಸಿಕ್ಕಿಬಿದ್ದ ರಾಜನಿಗೆ ಈ ಜಾಗ ಸರಿಯಾಗಿದೆ, ಮೇಲೂ ಇಲ್ಲ ಕೆಳಗೂ ಇಲ್ಲ. ಜೈಸಲ್ಮೇರಿನಲ್ಲಿ ಇದರ ಬುಡ ದಿಗಂತಕ್ಕೇ ತಾಗಿರುತ್ತದೆ, ಕಾಣುವುದೂ ಕಷ್ಟ. ಇಲ್ಲಿ ಬುಡವೂ ಸಿಲ್ವರ್ ಓಕ್ ತುದಿಯಿಂದ ಬಿಡಿಸಿಕೊಂಡು ಮೇಲೆ ಬಂದಿತ್ತು. ಅದರ ಎಡಕ್ಕೆ ಎರಡು ಹೊಳೆಯುವ ನಕ್ಷತ್ರ, ಕೆಳಗಿನದು ಸೂರ್ಯನನ್ನು ಬಿಟ್ಟರೆ ನಮ್ಮ ನೆರೆಮನೆ, ನಾಲ್ಕೂಚಿಲ್ಲರೆ ಜ್ಯೋತಿರ್ವರ್ಷ. ಅವುಗಳ ಮೇಲೆ ಬೈನಾಕ್ಯುಲರ್ ಆಡಿಸುತ್ತಾ ಹೋದರೆ ಒಂದು ಕಡೆ ಉಜ್ಜಿದ ಸೀಮೆಸುಣ್ಣದ ಗುರುತು ಸಿಗುತ್ತದೆ. ಒಮೇಗಾ ಸೆಂಟಾರಿ. ಸುಮಾರು ಒಂದು ಕೋಟಿ ನಕ್ಷತ್ರಗಳ ಗುಂಪು, 17,000 ಜ್ಯೋತಿರ್ವರ್ಷ ದೂರ. ಭಾವ ಅದನ್ನು ತಾವಾಗಿಯೇ ಹುಡುಕಿದರು, ಆಮೇಲೆ ಬೈನಾಕ್ಯುಲರ್ ಬಿಟ್ಟುಕೊಡಲಿಲ್ಲ.

ಆ ನಡುವೆ ಕೆಳಗಿನ ತೋಟದಲ್ಲಿ ಪಟಾಕಿ ಸಿಡಿಯಿತು, ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು. ಆನೆ ಓಡಿಸುತ್ತಿದ್ದಾರೆ. ದೊಡ್ಡಪ್ಪ ಬಾಗಿಲು ತೆಗೆದು, "ಎಲ್ಲರೂ ಜಗಲಿಗೆ ಬನ್ನಿ" ಎಂದರು. ಸದ್ದು ಗದ್ದೆ ಕಡೆಗೆ ಸರಿದು ಅಡಗುವವರೆಗೆ ಕಂಬಳಿ ಹೊದ್ದು ಜಗಲಿಯಲ್ಲೇ ಬೆಲ್ಲದ ಕಾಪಿ ಕುಡಿದೆವು. ಹುಡುಗ ಅಲ್ಲೇ ನಿದ್ದೆಹೋದ.

ಗುರುವಾರ, ಫೆಬ್ರವರಿ 27

ನಾಲ್ಕೂವರೆಗೆ ಹುಡುಗನನ್ನು ಎಬ್ಬಿಸುವುದು ಬೇಡ ಎಂದಳು ಅಕ್ಕ. ಎಬ್ಬಿಸಿದೆ. ವೃಶ್ಚಿಕ ಪೂರ್ತಿ ಮೇಲೆ ಬಂದಿತ್ತು, ಎದೆಯಲ್ಲಿ ಕೆಂಪಗೆ ಜ್ಯೇಷ್ಠಾ, ಕೊಂಡಿಯ ಪಕ್ಕ ಮೂಲಾ. ಅಲ್ಲಿಂದಲೇ ಹಾಲುಹಾದಿಯ ದಪ್ಪ ಭಾಗ. ನಮ್ಮ ಗ್ಯಾಲಕ್ಸಿಯ ಕೇಂದ್ರ ಆ ದಿಕ್ಕಿನಲ್ಲಿದೆ. ಮೊನ್ನೆವರೆಗೆ ನಾನು ಅದನ್ನು ಮೈಸೂರಿನ ಮನೆಯ ತಾರಸಿಯಿಂದ ಪ್ರತಿ ವರ್ಷ ಹುಡುಕಿ ಸುಮ್ಮನಾಗಿದ್ದೇನೆ. ಇಲ್ಲಿ ಹುಡುಕಬೇಕಾಗಲಿಲ್ಲ. ಬೆಳಕಿನ ನಡುವೆ ಕಪ್ಪು ಸೀಳುಗಳು ಕೂಡ ಬಿಡಿಸಿ ಕಾಣುತ್ತಿದ್ದವು; ಅಲ್ಲಿ ನಕ್ಷತ್ರ ಇಲ್ಲವೆಂದಲ್ಲ, ಧೂಳಿನ ಮೋಡ ಅಡ್ಡ ಇದೆ. ಹುಡುಗ ಅರೆನಿದ್ದೆಯಲ್ಲೇ ನೋಡಿ, "ಇದು ನಿಜವಾಗ್ಲೂ ಇರುತ್ತಾ? ನಾನು ಫೋಟೋಶಾಪ್ ಅನ್ಕೊಂಡಿದ್ದೆ" ಎಂದ. ಐದೂವರೆ ದಾಟಿದ ಮೇಲೆ ಪೂರ್ವ ಬೂದಿಯಾಗಿ, ಎಲ್ಲ ಕರಗಿತು.

ಒಂಬತ್ತಕ್ಕೆ ಟಾರ್ಪಾಲು ತೆಗೆದು ಕಾಪಿ ಮತ್ತೆ ಹರಡಿ, ಟೆಂಟನ್ನು ಕಣದ ಇನ್ನೊಂದು ಬದಿಯಲ್ಲಿ ಒಣಗಲು ಹಾಕಿ, ದೊಡ್ಡಮ್ಮನ ಅಕ್ಕಿರೊಟ್ಟಿ ತಿಂದು ಹೊರಟೆವು. ದೊಡ್ಡಪ್ಪ ಗೇಟಿನವರೆಗೆ ಬಂದು, ಹೋಮ್‌ಸ್ಟೇಯವರಿಗೆ ಒಂದು ಮಾತು ಹೇಳಿ ಹೋಗಿ, ದೀಪ ಆರಿಸಿದ್ದಾರಲ್ಲ ಎಂದರು. ದಾರಿಯಲ್ಲೇ ಸಿಗುತ್ತದೆ. ನಿಲ್ಲಿಸಿದೆವು.

ಮ್ಯಾನೇಜರ್ ಸಣ್ಣ ವಯಸ್ಸಿನವನು, ನಾವು ಜಗಳಕ್ಕೆ ಬಂದಿದ್ದೇವೆಂದು ಮೊದಲು ಗಾಬರಿಯಾದ. ಆಮೇಲೆ ಅವನೇ ಶುರುಮಾಡಿದ. ಲೈಟ್ ಆರಿಸಿದಾಗ ಗೆಸ್ಟ್‌ಗಳು ಬೈಯುತ್ತಾರೆಂದುಕೊಂಡಿದ್ದನಂತೆ. ಅವರು ಕುರ್ಚಿ ಹೊರಗೆ ಎಳೆದುಕೊಂಡು ಎರಡು ಗಂಟೆಯವರೆಗೆ ಮೇಲೆ ನೋಡುತ್ತಾ ಕೂತಿದ್ದರಂತೆ. ದೀಪಕ್ಕೆ ಮೇಲೊಂದು ತಗಡಿನ ಮುಚ್ಚಳ ಹಾಕಿ ನೆಲಕ್ಕೆ ಮಾತ್ರ ಬೀಳುವ ಹಾಗೆ ಮಾಡಿ, ಆನೆಯೂ ಕಾಣುತ್ತೆ ಆಕಾಶವೂ ಕಾಣುತ್ತೆ ಎಂದೆ. ತಲೆಯಾಡಿಸಿದ. ಭಾವ ಜೈಸಲ್ಮೇರಿನಲ್ಲಿ ಕ್ಯಾಂಪ್ ಮಾಡಿ ಬಂದವರು ಎಂದು ತಿಳಿದದ್ದೇ ಅವನ ಗಮನವೆಲ್ಲ ಅವರ ಕಡೆ ತಿರುಗಿತು.

"ಸಾರ್, ಅಲ್ಲಿ ನಕ್ಷತ್ರಕ್ಕೆ ಬೇರೆ ಚಾರ್ಜ್ ಮಾಡ್ತಾರಾ, ಇಲ್ಲಾ ಟೆಂಟ್ ರೇಟಲ್ಲೇ ಸೇರಿರುತ್ತಾ?"

ಭಾವ ಕಾರಿನ ಬಾಗಿಲು ಮುಚ್ಚಿ, ಅವನ ಜೊತೆ ಅಂಗಳಕ್ಕೆ ನಡೆದು, ಎಲ್ಲೆಲ್ಲಿ ಕುರ್ಚಿ ಹಾಕಬೇಕು, ದಕ್ಷಿಣಕ್ಕೆ ಯಾವ ಕೊಂಬೆ ಸವರಬೇಕು, ಅಗಸ್ತ್ಯನನ್ನು ಹೇಗೆ ಮುಷ್ಟಿಯಲ್ಲಿ ಅಳೆಯಬೇಕು ಎಂದು ಕೈ ಎತ್ತಿ ತೋರಿಸುತ್ತಾ ನಿಂತರು. ನಾವು ಕುಶಾಲನಗರ ಮುಟ್ಟುವಾಗ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು.